ಹದ

"ಅಕ್ಕಾ, ಇವತ್ತು ನಾಲಿಗೆಗೆ ಏನೋ ಹತ್ತಿದ ಹಾಗಾಯ್ತು ಕಣೇ!" ಹೋಟೆಲಿನ ಮೇಜಿನ ಮುಂದೆ ಕೂತು, ಕೊನೆಯ ತುತ್ತು ಬಾಯಲ್ಲಿರುವಾಗಲೇ ಅವಳು ಫೋನಿನಲ್ಲಿ ಕೂಗಿದಳು. ಆ ಕಡೆ ಅಕ್ಕ ಮೂಗೊರೆಸಿಕೊಂಡದ್ದು ಕೇಳಿಸಿತು.

ಜ್ವರ ಬಿಟ್ಟಾಗ ರುಚಿಯೂ ಅವಳನ್ನು ಬಿಟ್ಟುಹೋಗಿತ್ತು. ಎಲ್ಲಾದರೂ ಒಂದು ಕಡೆ ನಾಲಿಗೆ ಎಚ್ಚರಗೊಂಡೀತೆಂದು, ಕಾಲೇಜು ಮುಗಿದೊಡನೆ ಹೋಟೆಲಿನಿಂದ ಹೋಟೆಲಿಗೆ ಅಲೆಯುತ್ತಿದ್ದಳು. ಊರೆಲ್ಲ ಕಾಲಿಗೆ ಪರಿಚಯವಾಯಿತು, ಬಾಯಿಗಲ್ಲ. ಹಾಸ್ಟೆಲಿನವರು 'ತಿಂಡಿಪೋತಿ' ಎಂದು ಹೆಸರಿಟ್ಟರು.

ಅಷ್ಟರಲ್ಲಿ ಹೋಟೆಲಿನ ಅಡುಗೆಯವನು ಒಳಗಿನಿಂದ ಓಡಿಬಂದ. "ತಪ್ಪಾಯ್ತು, ಯಾರೂ ತಿನ್ಬೇಡಿ! ನಾನೂ ಉಪ್ಪು ಹಾಕಿದ್ದೆ, ನೋಡ್ದೆ ಯಜಮಾನ್ರೂ ಬಂದು ಸುರಿದುಬಿಟ್ಟಿದ್ದಾರೆ. ಬಾಯಿಗಿಡೋಕಾಗಲ್ಲ." ಆಗಲೇ ಅವಳು ಸುತ್ತ ನೋಡಿದ್ದು. ಎಲ್ಲ ಮೇಜುಗಳಲ್ಲೂ ಜನ ತಟ್ಟೆ ದೂರ ತಳ್ಳಿ ಗಟಗಟನೆ ನೀರು ಕುಡಿಯುತ್ತಿದ್ದರು. ಅಡುಗೆಯವನು ಅವಳ ಮುಂದೆ ಬಂದು ನಿಂತ. ಅವಳ ತಟ್ಟೆ ತೊಳೆದಿಟ್ಟ ಹಾಗಿತ್ತು. "ಅಯ್ಯೋ, ಅಷ್ಟನ್ನೂ ಹೇಗಮ್ಮಾ ತಿಂದೆ?"

"ಏನೇ ಅದು ಗಲಾಟೆ?" ಅಕ್ಕನ ದನಿಯಲ್ಲಿ ಈಗ ನಗು ಉಕ್ಕುತ್ತಿತ್ತು. "ಬೇಗ ಹೇಳೇ, ಉಪ್ಪು ಖಾರ ಎಲ್ಲಾ ಗೊತ್ತಾಯ್ತಾ?"

ಅವಳು ತಟ್ಟೆಯ ಅಂಚನ್ನು ಬೆರಳಲ್ಲಿ ಒರೆಸಿ ಇನ್ನೊಮ್ಮೆ ನೆಕ್ಕಿದಳು.

"ಹೂಂ ಅಕ್ಕಾ, ಹದವಾಗಿತ್ತು."