ಮೇಷ್ಟ್ರ ಹೆಸರಿನಲ್ಲಿ ಒಂದು ಉತ್ತರ

“ನಿಮಗೆ ಹೆದರಿ ನಿಮ್ಮ ವಿದ್ಯಾರ್ಥಿ ಯಾವುದಾದರೂ ಫಲಿತಾಂಶವನ್ನು ಮುಚ್ಚಿಟ್ಟಿದ್ದುಂಟೇ?” ಪರದೆಯ ಮೇಲಿನ ಕೊನೆಯ ಪ್ರಶ್ನೆಯನ್ನು ಹುಡುಗಿ ಎರಡು ಸಲ ಓದಿದಳು. ಸಂಶೋಧನೆಯ ಪ್ರಾಮಾಣಿಕತೆ ಕುರಿತು ಮಾರ್ಗದರ್ಶಕರು ಕಡ್ಡಾಯವಾಗಿ ಮುಗಿಸಬೇಕಾದ ಆನ್‌ಲೈನ್ ಕೋರ್ಸ್ ಅದು. ಅವಳ ಪಿಎಚ್‌ಡಿ ಮಾರ್ಗದರ್ಶಕರಾದ ಮೇಷ್ಟ್ರು ತಮ್ಮ ಪಾಸ್‌ವರ್ಡ್ ಕೊಟ್ಟು ತಮ್ಮ ಬದಲು ಅವಳನ್ನೇ ಕೂರಿಸಿದ್ದರು.

“ಇನ್ನೂ ಆಗ್ಲಿಲ್ವೇನಮ್ಮಾ? ‘ಇಲ್ಲ’ ಅಂತ ಒತ್ತು, ನಾನು ಪ್ರಾಮಾಣಿಕ ಅಂತ ಸರ್ಟಿಫಿಕೇಟ್ ಬರುತ್ತೆ,” ಹಿಂದಿನ ಕುರ್ಚಿಯಿಂದ ಮೇಷ್ಟ್ರು ನಕ್ಕರು.

ಅವಳು ಮೌಸನ್ನು ‘ಇಲ್ಲ’ದವರೆಗೆ ಒಯ್ದು ನಿಲ್ಲಿಸಿದಳು. ಊರಿನ ಕೊಳಾಯಿ ನೀರು ಶುದ್ಧವೆಂಬ ಅವರಿಬ್ಬರ ವರದಿ ಹೊರಬಿದ್ದು ಮೂರು ವಾರವಾಗಿತ್ತು; ಅಂದಿನಿಂದ ಊರೆಲ್ಲ, ಮೇಷ್ಟ್ರ ಮನೆಯೂ ಸೇರಿ, ಅದನ್ನೇ ಕುಡಿಯುತ್ತಿತ್ತು. ಏಳು ಸಮುದ್ರದಾಚೆಯ ಗಿಳಿಯೊಳಗೆ ರಾಕ್ಷಸನ ಪ್ರಾಣವಿದ್ದಂತೆ, ಅವಳ ಐದು ವರ್ಷದ ದುಡಿಮೆಯ ಪ್ರಾಣ ಈ ಮೇಷ್ಟ್ರ ಒಂದು ಸಹಿಯೊಳಗಿತ್ತು. ಕಣ್ಣು ಮುಚ್ಚಿ ‘ಹೌದು’ ಒತ್ತಿದಳು. “ವಿವರಿಸಿ,” ಎಂದಿತು ಪರದೆ.

“ಸರ್, ನಾಲ್ಕು ಮನೆ ನೀರಲ್ಲಿ ಸೀಸ ಸಿಕ್ಕಿತ್ತು. ಅಳತೆ ಕೆಡಿಸಿದೀಯ ಅಂತ ಬೈತೀರೇನೋ ಅಂತ ಪಟ್ಟಿಯಿಂದ ಅಳಿಸಿಬಿಟ್ಟೆ,” ಎಂದು ಹಿಂದಕ್ಕೆ ತಿರುಗಿ ಹೇಳಿದಳು. ಇನ್ನು ತನ್ನ ಕಥೆ ಮುಗಿಯಿತೆಂದು ಹೆಗಲು ಕುಗ್ಗಿಸಿ ಕುಳಿತಳು. ಬೈಗುಳ ಬರಲಿಲ್ಲ. ಮೇಷ್ಟ್ರು ಎದ್ದು ಬಂದು ಅವಳ ಕುರ್ಚಿಯ ಬೆನ್ನು ಹಿಡಿದುಕೊಂಡರು. ಪರದೆಯನ್ನು ಬಿಟ್ಟು ಅವಳತ್ತ ಬಾಗಿದರು.

“ಯಾವ ಬೀದಿ ನೀರಮ್ಮಾ ಅದು?”