ಒಬ್ಬರ ಅಳತೆ

“ಒಬ್ರಿಗೆ ಅನ್ನ ಮಾಡಾಕೆ ಎಷ್ಟು ಅಕ್ಕಿ ಹಾಕ್ಬೇಕು, ಹೇಳ್ರವ್ವಾ. ದಿನಾ ಉಳಿತೈತೆ.” ಗಾದ್ರಮ್ಮ ಫೋನನ್ನು ಬಾಯಿಯ ಹತ್ತಿರ ಹಿಡಿದು ಹೇಳಿ, ಒತ್ತಿದ್ದ ಬೆರಳು ತೆಗೆದಳು. ಹೋಯಿತು ಮಾತು, ‘ಅಡುಗೆಮನೆ ಗೆಳತಿಯರು’ ಎಂಬ ವಾಟ್ಸಾಪ್ ಗುಂಪಿನ ಎಂಟುನೂರು ಹೆಂಗಸರಿಗೆ. ಮೊಬೈಲ್ ಅಂಗಡಿಯ ಅಂಬಿಕಾ ಸೇರಿಸಿಕೊಟ್ಟ ಗುಂಪು ಅದು. ಅಲ್ಲಿ ಒಬ್ಬರ ಮುಖವನ್ನೂ ಗಾದ್ರಮ್ಮ ಕಂಡವಳಲ್ಲ.

ನಗಬೇಡಿ ಮತ್ತೆ. ಜಗಳೂರಿನ ಹಾಸ್ಟೆಲೊಂದರಲ್ಲಿ ಇಪ್ಪತ್ತೆಂಟು ವರ್ಷ ನೂರನಲವತ್ತು ಮಕ್ಕಳಿಗೆ ಬೇಯಿಸಿ ಹಾಕಿದ ಕೈ ಅದು. ಉಪ್ಪೆಂದರೆ ಬೊಗಸೆ, ಖಾರದಪುಡಿಯೆಂದರೆ ಸೌಟು. ಜೂನ್‌ನಲ್ಲಿ ಹಾರ ಹಾಕಿ ಮನೆಗೆ ಕಳಿಸಿದರು. ಗಂಡ ಹೋಗಿ ಎಷ್ಟೋ ಕಾಲವಾಗಿತ್ತು, ಮಕ್ಕಳಾಗಿರಲಿಲ್ಲ. ಈಗ ಉಣ್ಣುವವಳು ತಾನೊಬ್ಬಳೇ. ಕಡಿಮೆ ಹಾಕೋಣವೆಂದರೆ ಕೈ ಕೇಳಬೇಕಲ್ಲ! ಅನ್ನ ಚೆಲ್ಲಿದ ಮಕ್ಕಳ ಕಿವಿ ಹಿಂಡಿದವಳ ಪಾತ್ರೆಯಲ್ಲೇ ದಿನಾ ಮೂರು ಜನರ ಅನ್ನ ಉಳಿಯುತ್ತಿತ್ತು.

ಪುಣ್ಯಕ್ಕೆ, ಪಕ್ಕದ ಮನೆಯ ಲಕ್ಷ್ಮಿದೇವಿಗೆ ಒಂದು ಎಮ್ಮೆಯಿತ್ತು. ಮಧ್ಯಾಹ್ನ ಮೂರಕ್ಕೆ ಸರಿಯಾಗಿ ಅವಳು ಮುಸುರೆ ಬಕೆಟ್ ಹಿಡಿದು ಬರುತ್ತಿದ್ದಳು. ಉಳಿದ ಅನ್ನ, ಸಾರು, ಅಕ್ಕಿ ತೊಳೆದ ನೀರು ಎಲ್ಲ ಸುರಿದುಕೊಂಡು ಹೊಸ್ತಿಲ ಬಳಿ ಕುಂತಳೆಂದರೆ ಅರ್ಧ ಗಂಟೆ. ಎಮ್ಮೆ ಒದ್ದದ್ದು, ಅತ್ತೆ ಬೈದದ್ದು, ನಲ್ಲಿ ನೀರು ಬಾರದ್ದು. ಗಾದ್ರಮ್ಮ “ಹೂಂ, ಹೂಂ” ಎನ್ನುತ್ತಾ ಎಲೆಗೆ ಸುಣ್ಣ ಹಚ್ಚಿ ಕೊಡುತ್ತಿದ್ದಳು.

ಗುಂಪಿನಲ್ಲಿ ಉತ್ತರಗಳು ದಬದಬ ಬಿದ್ದವು. ಮೈಸೂರಿನ ಶಾಂತಲಾ, “ಟೀ ಲೋಟದಲ್ಲಿ ಮುಕ್ಕಾಲು ಹಾಕಿ” ಎಂದಳು. ಹುಬ್ಬಳ್ಳಿಯ ಪ್ರಮೀಳಾ, “ಮುಕ್ಕಾಲ್ ಯಾಕ್ರೀ? ಅರ್ಧ ಸಾಕು” ಎಂದಳು. ಇನ್ಯಾರೋ, “ಶುಗರ್ ಐತೇನಕ್ಕ? ಇದ್ರೆ ಅನ್ನ ಬಿಡು, ಮುದ್ದೆ ಉಣ್ಣು” ಎಂದರು. ಅಬ್ಬಬ್ಬಾ, ಒಬ್ಬ ಹೆಂಗಸಿನ ಅನ್ನಕ್ಕೆ ಎಷ್ಟು ಜನರ ಪಂಚಾಯಿತಿ! ಗಾದ್ರಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಕೊನೆಗೆ, ಅರ್ಧ ಲೋಟಕ್ಕಿಂತ ಒಂದು ಬೆರಳು ಮೇಲೆ ಎಂದು ತೀರ್ಮಾನವಾಯಿತು.

ಮಾರನೆಯ ದಿನ ಹಾಗೆಯೇ ಅಳೆದು ಹಾಕಿದಳು. ಒಂದು ತಟ್ಟೆ ಅನ್ನ, ಎರಡು ಸೌಟು ಸಾರು, ಅಷ್ಟೇ. ಪಾತ್ರೆಯಲ್ಲಿ ಒಂದು ಅಗುಳೂ ಇಲ್ಲ. ಖಾಲಿ ಪಾತ್ರೆಯ ಫೋಟೊ ತೆಗೆದು ಗುಂಪಿಗೆ ಹಾಕಿದಳು. ಚಪ್ಪಾಳೆ, ಹೂವು, ಹೃದಯ ಬಂದವೇ ಬಂದವು.

ಮೂರಕ್ಕೆ ಲಕ್ಷ್ಮಿದೇವಿ ಬಂದಳು. “ಗಾದ್ರಕ್ಕಾ, ಮುಸುರೆ ತಗಂಬಾ.”

“ಇವತ್ತು ಏನೂ ಉಳಿದಿಲ್ಲ ಕಣೆ. ಅಳತೆ ಕಲಿತ್ಕಂಡೆ!”

“ಹೌದಾ? ಒಳ್ಳೇದಾತು ಬಿಡಕ್ಕ. ಅನ್ನ ದಂಡ ಆಗೋದು ತಪ್ತು.”

“ಕುಂತ್ಕಳೆ, ಎಲೆಅಡಿಕೆ ಐತೆ.”

“ಇಲ್ಲಕ್ಕ, ಬಕೆಟ್ ತುಂಬಿಲ್ಲ. ಇನ್ನೂ ಎಲ್ಡು ಮನೆ ತಿರುಗ್ಬೇಕು.”

ಮಾರನೆಯ ದಿನ ಬೀದಿಯಿಂದಲೇ “ಐತೇನಕ್ಕಾ?” ಎಂದು ಕೂಗಿ ಮುಂದೆ ಹೋದಳು. ಅದರ ಮರುದಿನ ಕೂಗಲೂ ಇಲ್ಲ. ಐದನೆಯ ದಿನ ಗಾದ್ರಮ್ಮ ಸುಣ್ಣ ಹಚ್ಚಿದ ಎಲೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎದುರು ಸಾಲಿನ ಮನೆಯ ಹೊಸ್ತಿಲ ಮೇಲೆ ಲಕ್ಷ್ಮಿದೇವಿ ಕೂತು ಕೈ ತಿರುಗಿಸಿ ಏನೋ ಹೇಳುತ್ತಿದ್ದಳು, ಆ ಮನೆಯವರು ನಗುತ್ತಿದ್ದರು. ಎಮ್ಮೆ ಮತ್ತೆ ಒದ್ದಿರಬೇಕು. ಗಾದ್ರಮ್ಮ ಎಲೆಯನ್ನು ತಾನೇ ಬಾಯಿಗೆ ಹಾಕಿಕೊಂಡು ಒಳಗೆ ಬಂದಳು.

ಬೆಳಿಗ್ಗೆ ಒಲೆ ಹಚ್ಚುವ ಮುಂಚೆ ಫೋನ್ ಎತ್ತಿದಳು. “ಪಕ್ಕದ ಮನೆಯವ್ರು ಮಾತಾಡಾಕೆ ಬರ್ಲಿಲ್ಲ ಅಂದ್ರೆ ಏನು ಮಾ...” ಅಷ್ಟು ಹೇಳಿ ನಾಚಿಕೆಯಾಯಿತು. ಬೆರಳು ಸರಿಸಿ ಅಳಿಸಿಬಿಟ್ಟಳು. ಅಷ್ಟರಲ್ಲಿ ಶಾಂತಲಾಳ ದನಿ ಬಂತು: “ಗಾದ್ರಮ್ಮ, ಅಳತೆ ಸರಿ ಬರ್ತಾ ಇದ್ಯಾ? ಏನೂ ಉಳೀತಿಲ್ಲ ತಾನೇ?”

“ಸರಿಯಾಗೈತೆ ಕಣವ್ವ,” ಎಂದಳು ಗಾದ್ರಮ್ಮ. “ಏನೂ ಉಳಿದಿಲ್ಲ.”

ಫೋನನ್ನು ಗೂಡಿನಲ್ಲಿಟ್ಟು, ಅರ್ಧ ಲೋಟಕ್ಕೆ ಒಂದು ಬೆರಳು ಮೇಲಿದ್ದ ಅಕ್ಕಿಯನ್ನು ಪಾತ್ರೆಗೆ ಸುರಿದಳು. ಆಮೇಲೆ ಡಬ್ಬಕ್ಕೆ ಎರಡೂ ಕೈ ಹಾಕಿ ಒಂದು ಬೊಗಸೆ, ಎರಡು ಬೊಗಸೆ, ಮೂರು ಬೊಗಸೆ ಹಾಕಿದಳು. ಎಮ್ಮೆಗೆ ಎಷ್ಟು ಬೇಕಾಗುತ್ತದೆಂದು ಯಾರನ್ನೂ ಕೇಳಲಿಲ್ಲ.