ಹೆಗಲು ಮುಟ್ಟುವ ಕೈ

ಹೊಸ ಲೇಬರ್ ಆಫೀಸರ್ ಎರಡು ಸಲ ಕುರ್ಚಿ ತೋರಿಸಿದರೂ ಬ್ಯಾಟರಾಯಪ್ಪ ಕೂರಲಿಲ್ಲ. ರುಮಾಲು ಸರಿಮಾಡಿಕೊಂಡು ನಿಂತೇ ಇದ್ದ. ಯಶವಂತಪುರದ ಆ ನೂಲಿನ ಗಿರಣಿಗೆ ಆಳು ಆರಿಸುವ ಮೇಸ್ತ್ರಿ ಅವನು. ಗೇಟಿನ ಹೊರಗೆ ನಿಂತೂ ನಿಂತೂ ತಲೆ ನರೆತಿತ್ತು, ಕುರ್ಚಿಯ ಅಭ್ಯಾಸವಿರಲಿಲ್ಲ.

"ಇವತ್ತಿನಿಂದ ಗೇಟಲ್ಲಿ ಆಳು ಆರಿಸೋದು ಬೇಡ ಮೇಸ್ತ್ರಿಗಳೇ" ಎಂದರು ಆಫೀಸರ್ ಆನಂದಪ್ಪ. ಇನ್ನೂ ಮೀಸೆ ಬಲಿಯದ ಹುಡುಗ, ಆದರೆ ಮಾತಿನಲ್ಲಿ ಮರ್ಯಾದೆಯಿತ್ತು. "ಉದ್ಯೋಗ ವಿನಿಮಯ ಕಚೇರೀಲಿ ಹೆಸರು ಬರೆಸಿದೋರು ಕಾರ್ಡ್ ತರ್ತಾರೆ. ನಾನು ಮಾತಾಡ್ಸಿ ತಗೋತೀನಿ. ನಿಮಗೆ ಸ್ಟೋರಲ್ಲಿ ಕೆಲಸ ಇದೆ, ಸಂಬಳಕ್ಕೇನೂ ತೊಂದ್ರೆ ಇಲ್ಲ."

"ಆಳು ಆರ್ಸಕ್ಕೂ ಓದು ಐತಾ ಸ್ವಾಮಿ?"

"ಎರಡು ವರ್ಷದ ಓದು. ಹೊಸ ಕಾರ್ಮಿಕ ಕಾನೂನು ಬಂದ ಮೇಲೆ ಎಲ್ಲಾ ಫ್ಯಾಕ್ಟರಿಯವರೂ ನಮ್ಮಂಥೋರನ್ನೇ ಹುಡುಕ್ತಿದ್ದಾರೆ."

"ಎಗಲು ಮುಟ್ಟಕ್ಕೆ ಎಲ್ಡು ವರ್ಸ!" ಬ್ಯಾಟರಾಯಪ್ಪ ನಗಲು ನೋಡಿದ. ನಗು ಮೀಸೆಯ ತನಕ ಬಂದು ಅಲ್ಲೇ ನಿಂತಿತು.

ಸೈರನ್ ಕೂಗುವ ಮುಂಚೆ ದಿನವೂ ಗೇಟಿನ ಹೊರಗೆ ಕೆಲಸ ಬೇಡುವವರ ಸಾಲು. ಬ್ಯಾಟರಾಯಪ್ಪ ಆ ಸಾಲಿನುದ್ದಕ್ಕೂ ನಡೆಯುತ್ತಿದ್ದ. ಯಾರ ಬಲಹೆಗಲ ಮೇಲೆ ಅವನ ಕೈ ಬಿತ್ತೋ ಅವನು ಒಳಕ್ಕೆ, ಬೀಳದವನು ಮನೆಗೆ. 'ಇಲ್ಲ' ಎಂಬ ಮಾತು ಅವನ ಬಾಯಿಂದ ಯಾವತ್ತೂ ಬಂದದ್ದಿಲ್ಲ; ದಾಟಿ ಹೋದರೆ ಸಾಕಿತ್ತು. ಲಂಚ ಮುಟ್ಟಿದವನಲ್ಲ, ಅದನ್ನು ಅವನ ಶತ್ರುಗಳೂ ಒಪ್ಪುತ್ತಿದ್ದರು. ಆದರೆ ಜಂಬ? ಅದನ್ನು ಹೊರಲು ಎತ್ತಿನ ಗಾಡಿಯೇ ಬೇಕಿತ್ತು.

ಹೆಬ್ಬಾಳದಿಂದ ನಡೆದು ಬರುತ್ತಿದ್ದ ಗಯಾಸ್ ಚುಚ್ಚಿದ್ದು ಆ ಜಂಬವನ್ನೇ. ಬಂದ ಹೊಸತರಲ್ಲಿ, ಮೇಸ್ತ್ರಿ ತನ್ನನ್ನು ದಾಟಿ ಹೋದಾಗ, "ಏನಣ್ಣಾ, ನಿಮ್ಮ ಕೈಗೆ ಕಣ್ಣು ಕಾಣಲ್ವಾ?" ಎಂದುಬಿಟ್ಟಿದ್ದ. ಸಾಲಿಗೆ ಸಾಲೇ ನಕ್ಕಿತ್ತು. ಇರಲಿ, ಕಾಯಿ ಸ್ವಲ್ಪ ಮಾಗಲಿ ಎಂದುಕೊಂಡ ಬ್ಯಾಟರಾಯಪ್ಪ. ಬೇಸಿಗೆ ಹೋಯಿತು, ಮಳೆಗಾಲವೂ ಹೋಯಿತು. ಗಯಾಸ್ ನಗುವುದನ್ನು ಬಿಟ್ಟ, ಮಾತನ್ನೂ ಬಿಟ್ಟ. ಮೇಸ್ತ್ರಿ ಹತ್ತಿರ ಬಂದಾಗ ಉಸಿರು ಬಿಗಿಹಿಡಿದು ಬಲಹೆಗಲು ಮುಂದೆ ಮಾಡಿ ನಿಲ್ಲುವುದನ್ನು ಕಲಿತ. ಅವನ ಹೆಂಡತಿ ರೆಹಾನಾ ತುಂಬಿದ ಬಸುರಿ ಎಂಬ ಸುದ್ದಿ ಮೇಸ್ತ್ರಿಯ ಕಿವಿಗೂ ಬಿದ್ದಿತ್ತು. ಸಿಟ್ಟು ಎಂದೋ ಇಳಿದಿತ್ತು. ನಿನ್ನೆ ಬೆಳಿಗ್ಗೆ ಗಯಾಸನ ಮುಂದೆ ನಿಂತು ಕೈಯನ್ನು ಅರ್ಧ ಎತ್ತಿಯೂ ಇದ್ದ. ನಾಳೆ ಮುಟ್ಟಿದರಾಯಿತು, ನಾಳೆಯೇನು ಊರು ಬಿಟ್ಟು ಓಡಿಹೋಗುತ್ತದೆಯೇ ಎಂದು ಕೈ ಇಳಿಸಿ ಮುಂದೆ ಹೋದ.

"ಸ್ವಾಮಿ, ಒಬ್ಬನ್ನ ಮಾತ್ರ ಒಳೀಕ್ ಬುಟ್ಬುಡಿ" ಎಂದ ಈಗ. ಯಾರ ಮುಂದೆಯೂ ಬೇಡಿ ಗೊತ್ತಿಲ್ಲದ ದನಿ ತೊದಲಿತು. "ಎಂಡ್ರು ಬಸ್ರಿ. ಭಾಳ ದಿನದಿಂದ ಕಾಯ್ತಾವ್ನೆ."

"ಹಂಗಾದ್ರೆ ಯಾಕೆ ಕಾಯಿಸಿದ್ರಿ? ನಿನ್ನೆವರೆಗೂ ನಿಮ್ಮ ಕೈಯಲ್ಲೇ ಇತ್ತಲ್ಲ?" ಆನಂದಪ್ಪ ಕೇಳಿದ್ದರಲ್ಲಿ ಕುಹಕವಿರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ್ದರು. "ಒಬ್ಬರಿಗೆ ಹೂಂ ಅಂದ್ರೆ ಮಿಕ್ಕವರಿಗೆ ಏನ್ ಹೇಳ್ಲಿ? ಕಾರ್ಡ್ ಮಾಡಿಸ್ಲಿ. ಸರದಿ ಬರೋಕೆ ವರ್ಷವಾಗಬಹುದು, ಆದ್ರೆ ಬರುತ್ತೆ."

ಬ್ಯಾಟರಾಯಪ್ಪ ಗೇಟಿನ ಹೊರಗೆ ಬಂದ. ಸಾಲು ಎಂದಿನಂತೆ ನಿಂತಿತ್ತು. ಇನ್ನು ಕೆಲಸ ಕೊಡುವವನು ನಾನಲ್ಲ, ಮನೆಗೆ ಹೋಗಿ ಎಂದು ಹೇಳಬೇಕೆಂದೇ ಬಂದಿದ್ದ. ಬಾಯಿ ಬರಲಿಲ್ಲ, ಕಾಲು ಮಾತ್ರ ನಡೆಯಿತು. ಗಯಾಸನ ಮುಂದೆ ಬಂದಾಗ ಆ ಹೆಗಲು ಮುಂದಕ್ಕೆ ಬಂತು. ಗೇಟಿನವನಿಗೆ ಹೊಸ ಆರ್ಡರ್ ಇನ್ನೂ ಮುಟ್ಟಿರಲಿಕ್ಕಿಲ್ಲ ಎಂಬ ಕಳ್ಳ ಆಸೆಯೊಂದು ಮೇಸ್ತ್ರಿಯ ಮನಸ್ಸನ್ನು ಹೊಕ್ಕಿತು. ಕೈ ಎತ್ತಿ ಹೆಗಲ ಮೇಲೆ ಇಟ್ಟೇಬಿಟ್ಟ.

"ಯಾ ಅಲ್ಲಾ!" ಗಯಾಸ್ ಚಪ್ಪಲಿ ಕೈಲಿ ಹಿಡಿದು ಗೇಟಿಗೆ ಓಡಿದ. ಕಾವಲಿನ ಮುನಿವೆಂಕಟಯ್ಯ ಕೋಲು ಅಡ್ಡ ಇಟ್ಟ.

"ಕಾರ್ಡ್ ಎಲ್ಲಪ್ಪಾ?"

"ಯಾವ ಕಾರ್ಡು? ಮೇಸ್ತ್ರಿ ಮುಟ್ಟಿದ್ರಲ್ಲ, ನೀವೇ ನೋಡಿದ್ರಿ!"

"ಅದೆಲ್ಲಾ ನಿನ್ನೆಗೇ ಮುಗೀತು, ಓಗು."

ತಪ್ಪು ನಂದು ಕಣಪ್ಪಾ ಎಂದು ಕೂಗಬೇಕೆನಿಸಿತು ಬ್ಯಾಟರಾಯಪ್ಪನಿಗೆ. ಇಷ್ಟು ವರ್ಷ ಮಾತಿಲ್ಲದೆ ನಡೆದ ಬದುಕು. ಗಯಾಸ್ ಮೆಲ್ಲಗೆ ವಾಪಸು ಬಂದ. ಮುಖದಲ್ಲಿ ಸಿಟ್ಟೇ ಇರಲಿಲ್ಲ, ಇದ್ದಿದ್ದರೆ ಎಷ್ಟೋ ವಾಸಿಯಾಗಿತ್ತು. ಸಾಲಿನಲ್ಲಿ ತನ್ನ ಜಾಗಕ್ಕೇ ಹೋಗಿ ನಿಂತು, ಅಂಗಿಯ ಹೆಗಲನ್ನು ಕೈಯಿಂದ ಒರೆಸಿ ಮುಂದೆ ಮಾಡಿದ.

"ಅಣ್ಣಾ, ಕೈ ಸರಿಯಾಗಿ ಬಿದ್ದಿಲ್ಲ ಅಂತ ಕಾಣ್ಸುತ್ತೆ" ಎಂದ. "ಇನ್ನೊಂದ್ಸಲ ಮುಟ್ಟಿ."